ಬಾಲವಾಡಿ ಟೀಚರ ದಣಿವು: ಯಾವ ಹೊರೆಯನ್ನು ಮೊದಲು ಇಳಿಸಬೇಕು?

ಮೂರರಿಂದ ಆರು ವರ್ಷದ ಮಕ್ಕಳೊಂದಿಗೆ ದಿನ ಕಳೆಯುವವರಿಗೆ ನಮ್ಮ ಕಾಸರಗೋಡಿನಲ್ಲಿ ಧಾರಾಳವಾಗಿ ಸಿಗುವ ಉಪದೇಶ ಒಂದಿದೆ: 'ಮಕ್ಕಳ ಮೇಲೆ ಪ್ರೀತಿ ಇದ್ದರೆ ಯಾವ ಕೆಲಸವೂ ಭಾರ ಅಲ್ಲ ಟೀಚರೇ.' ತರಬೇತಿಯಲ್ಲೂ ಇದನ್ನು ಹೇಳುತ್ತಾರೆ, ಪ್ರವೇಶೋತ್ಸವದ ವೇದಿಕೆಯಲ್ಲೂ ಹೇಳುತ್ತಾರೆ. ಈ ಮಾತು ತಪ್ಪು ಎಂದು ನನಗೆ ಬಲವಾಗಿ ಅನಿಸುತ್ತದೆ. ಪ್ರೀತಿ ಇರುವವರೇ ಬೇಗ ದಣಿಯುತ್ತಾರೆ, ಯಾಕೆಂದರೆ ಅವರಿಗೆ ಯಾವುದನ್ನೂ ಅರ್ಧಕ್ಕೆ ಬಿಡಲು ಮನಸ್ಸಾಗುವುದಿಲ್ಲ. ದಣಿದಾಗ ಈ ಉಪದೇಶ ನೆನಪಾಗಿ, ಕೊರತೆ ತಮ್ಮಲ್ಲೇ ಇದೆ ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ.

ಮಂಜೇಶ್ವರದಿಂದ ಅಡೂರಿನವರೆಗಿನ ಅಂಗನವಾಡಿ ಟೀಚರುಗಳು, ಸರಕಾರಿ ಶಾಲೆಯ ಪ್ರಿ-ಪ್ರೈಮರಿಯಲ್ಲಿ ಪಿಟಿಎ (ರಕ್ಷಕ-ಶಿಕ್ಷಕ ಸಂಘ) ನೇಮಿಸಿದವರು, ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ, ಯುಕೆಜಿ ನೋಡಿಕೊಳ್ಳುವವರು, ಇವರಲ್ಲಿ ಯಾರನ್ನು ಮಾತಾಡಿಸಿದರೂ ಮಕ್ಕಳ ಮೇಲೆ ದೂರು ಬರುವುದು ಅಪರೂಪ. ರಿಜಿಸ್ಟರು, ಫೋನು, ಅರ್ಥವಾಗದ ಭಾಷೆಯ ಸುತ್ತೋಲೆ, ಸಾಲದ ಗೌರವಧನ, 'ಪುಟ್ಟ ಮಕ್ಕಳನ್ನು ಆಡಿಸುವುದು ತಾನೇ' ಎನ್ನುವ ತಾತ್ಸಾರ, ದೂರೆಲ್ಲ ಇವುಗಳ ಮೇಲೆ. ಹಾಗಾಗಿ ಇಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳುವ ಪಾಠ ಇಲ್ಲ. ಮಕ್ಕಳ ಸುತ್ತ ಪೇರಿಸಿಟ್ಟ ಹೊರೆಯಲ್ಲಿ ಯಾವುದನ್ನು ಹೇಗೆ ಇಳಿಸಬಹುದು ಎಂಬ ವಿಚಾರ ಮಾತ್ರ ಇದೆ.

ಹೆಜ್ಜೆ 1: ಬರೀ ದಣಿವೋ, ಅದಕ್ಕಿಂತ ಹೆಚ್ಚಿನದೋ ನೋಡಿ

ಭಾನುವಾರ ಚೆನ್ನಾಗಿ ನಿದ್ದೆ ಮಾಡಿದರೆ ಹೋಗುವ ದಣಿವಿನ ಬಗ್ಗೆ ಹೆದರಬೇಕಾಗಿಲ್ಲ. ಹೋಗದೆ ಉಳಿಯುವ ದಣಿವು ಬೇರೆ, ಇಂಗ್ಲಿಷಿನಲ್ಲಿ ಅದನ್ನು ಬರ್ನ್‌ಔಟ್ ಎನ್ನುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್ ಇದನ್ನು ಅಳೆಯಲು 1981ರಲ್ಲಿ ಒಂದು ಪ್ರಶ್ನಾವಳಿ ರೂಪಿಸಿದರು. ಅವರು ಗುರುತಿಸಿದ ಲಕ್ಷಣಗಳು ಮೂರು. ನಮ್ಮ ಕೆಲಸಕ್ಕೆ ಹೊಂದಿಸಿ ಹೇಳುವುದಾದರೆ, ಮೊದಲನೆಯದು ಬೆಳಿಗ್ಗೆ ಏಳುವಾಗಲೇ ಸಂಜೆಯಷ್ಟು ಸುಸ್ತು. ಎರಡನೆಯದು ಅಳುವ ಮಗುವನ್ನು ಕಂಡಾಗ ಕನಿಕರ ಬಾರದೆ ಕಿರಿಕಿರಿ ಬರುವುದು, ಮಗುವಿನ ಹೆಸರು ಮರೆತು 'ಆ ಅಳುಬುರುಕ' ಎಂದು ಬಾಯಿಗೆ ಬರುವುದು. ಮೂರನೆಯದು, ಇಷ್ಟು ವರ್ಷ ಮಾಡಿದ್ದರಿಂದ ಯಾರಿಗೆ ಏನಾಯಿತು ಎಂಬ ನಿರಾಸೆ.

ಎರಡನೆಯ ಲಕ್ಷಣದ ಮೇಲೆ ಹೆಚ್ಚು ಗಮನವಿಡಿ. ಮೃದು ಸ್ವಭಾವದವರಿಗೆ ತಮ್ಮ ಸಿಡುಕು ಕಂಡು ನಾಚಿಕೆಯಾಗುತ್ತದೆ, ಹಾಗಾಗಿ ಯಾರಲ್ಲೂ ಹೇಳಿಕೊಳ್ಳುವುದಿಲ್ಲ. ಅದು ಸ್ವಭಾವ ಕೆಟ್ಟದ್ದಲ್ಲ, ದಣಿವಿನ ಗುರುತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ಸ್ಥಿತಿಯನ್ನು ವಿವರಿಸುವಾಗ ಇದನ್ನು ರೋಗ ಎನ್ನಲಿಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಎಂದಿತು. ಕೆಲಸದ ಜಾಗದ ಒತ್ತಡ ದೀರ್ಘಕಾಲ ಪರಿಹಾರ ಕಾಣದೆ ಉಳಿದಾಗ ಹೀಗಾಗುತ್ತದೆ. ಹಾಗಾದರೆ ಮದ್ದನ್ನೂ ಕೆಲಸದ ಜಾಗದಲ್ಲಿಯೇ ಹುಡುಕಬೇಕು.

ಹೆಜ್ಜೆ 2: ಎರಡು ವಾರ ಬರೆದಿಡಿ

ಒಂದು ಚಿಕ್ಕ ನೋಟ್‌ಬುಕ್ ಸಾಕು. ಮನೆಗೆ ಹೊರಡುವ ಮುಂಚೆ ಆ ದಿನ ತಲೆ ಬಿಸಿ ಮಾಡಿದ ಎರಡು ಮೂರು ಸಂಗತಿಗಳನ್ನು ಬರೆಯಿರಿ: ಏನು, ಎಷ್ಟು ಹೊತ್ತು ಹಿಡಿಯಿತು, ಬದಲಾಯಿಸುವ ಅಧಿಕಾರ ಯಾರ ಕೈಯಲ್ಲಿದೆ. 'ಮಕ್ಕಳು ಗಲಾಟೆ' ಎಂದಷ್ಟೇ ಬರೆದರೆ ಉಪಯೋಗವಿಲ್ಲ. 'ಊಟಕ್ಕೆ ಮುಂಚೆ ಕೈ ತೊಳೆಯಲು ಎಲ್ಲರನ್ನೂ ಒಟ್ಟಿಗೆ ಬಿಟ್ಟಾಗ ನೂಕುನುಗ್ಗಲು' ಎಂದು ಬರೆದರೆ ಪರಿಹಾರ ಆ ಸಾಲಿನಲ್ಲೇ ಕಾಣುತ್ತದೆ: ನಾಲ್ಕು ನಾಲ್ಕು ಮಕ್ಕಳನ್ನು ಕಳಿಸಬೇಕು, ಉಳಿದವರಿಗೆ ಅಷ್ಟು ಹೊತ್ತು ಹಾಡು.

ಎರಡು ವಾರ ಕಳೆದ ಮೇಲೆ ಬರೆದದ್ದನ್ನು ಮೂರು ಪಾಲು ಮಾಡಿ. ನಾನೇ ಬದಲಾಯಿಸಬಹುದಾದದ್ದು, ಕೇಳಿದರೆ ಬದಲಾಗಬಹುದಾದದ್ದು, ನನ್ನ ಕೈಮೀರಿದ್ದು. ಹೆಚ್ಚಿನವರಿಗೆ ಎರಡನೆಯ ಪಾಲು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಈವರೆಗೆ ಕೇಳಿಯೇ ಇರುವುದಿಲ್ಲ, ಅಷ್ಟೆ. ಕೆಲಸದ ಒತ್ತಡದ ಬಗ್ಗೆ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಮುಂದಿಟ್ಟ ವಿಚಾರವೂ ಇಲ್ಲಿಗೆ ಹೊಂದುತ್ತದೆ. ಕೆಲಸ ಹೆಚ್ಚಿರುವುದಕ್ಕಿಂತ, ಹೆಚ್ಚು ಕೆಲಸ ಇದ್ದೂ ಅದನ್ನು ಹೇಗೆ ಮಾಡಬೇಕೆಂಬ ನಿರ್ಧಾರ ನಮ್ಮ ಕೈಯಲ್ಲಿ ಇಲ್ಲದಿರುವುದು ಮನುಷ್ಯನನ್ನು ಹೆಚ್ಚು ಕುಗ್ಗಿಸುತ್ತದೆ. ಚಿಕ್ಕಪುಟ್ಟ ನಿರ್ಧಾರಗಳನ್ನಾದರೂ ಕೈಗೆ ತೆಗೆದುಕೊಳ್ಳುವುದು ಅದಕ್ಕೇ ಮುಖ್ಯ.

ಹೆಜ್ಜೆ 3: ಭಾಷೆಯ ಹೊರೆಯನ್ನು ಬೇರೆಯಾಗಿ ತೂಗಿ

ಬೇರೆ ಜಿಲ್ಲೆಯವರಿಗೆ ಬೇಗ ಅರ್ಥವಾಗದ ಹೊರೆ ಇದು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ನೆಲದಲ್ಲಿ, ಒಂದೇ ಕೋಣೆಯಲ್ಲಿ ತುಳು, ಬ್ಯಾರಿ, ಮಲಯಾಳ, ಹವ್ಯಕ, ಕೊಂಕಣಿ, ಮರಾಟಿ ಮನೆಗಳ ಮಕ್ಕಳು ಕೂರುತ್ತಾರೆ. ಟೀಚರು ಕನ್ನಡದಲ್ಲಿ ಹಾಡು ಹೇಳಿಸಬೇಕು, ಮಲಯಾಳದಲ್ಲಿ ವರದಿ ಬರೆಯಬೇಕು, ಮನೆಯವರ ಸಮಾಧಾನಕ್ಕೆ ಇಂಗ್ಲಿಷ್ ರೈಮ್ಸನ್ನೂ ಕೇಳಿಸಬೇಕು. ಇಷ್ಟನ್ನೂ ಯಾರೂ ಕೆಲಸ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊದಲು ಮಕ್ಕಳ ಕಡೆಯಿಂದ ಶುರುಮಾಡಿ. ಮಗುವನ್ನು ಸೇರಿಸುವ ದಿನವೇ ಅಮ್ಮನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ: ನೀರು, ಮೂತ್ರ, ಹಸಿವು, ನೋವು, ನಿದ್ದೆ, ಭಯ ಇವುಗಳಿಗೆ ಈ ಮಗು ಮನೆಯಲ್ಲಿ ಏನೆನ್ನುತ್ತದೆ? 'ನೀರ್ ಬೋಡು', 'ವೆಳ್ಳಂ ವೇಣಂ', 'ಉದಾಕ್ ಜಾಯ್' ಎಲ್ಲವೂ ಒಂದೇ ಬೆಳಿಗ್ಗೆ ಕಿವಿಗೆ ಬೀಳಬಹುದು. ಕೆಲವು ಮನೆಗಳಲ್ಲಿ ಮೂತ್ರಕ್ಕೆ ಆ ಮನೆಯವರಿಗೆ ಮಾತ್ರ ಗೊತ್ತಿರುವ ಮಾತು ಇರುತ್ತದೆ. ಅದು ಗೊತ್ತಿಲ್ಲದೆ ಇದ್ದರೆ ಒದ್ದೆ ಚಡ್ಡಿ, ಅಳು, ಮಧ್ಯಾಹ್ನದವರೆಗೂ ಮುನಿಸು. ಆ ಪಟ್ಟಿಯನ್ನು ಕಪಾಟಿನ ಬಾಗಿಲಿಗೆ ಅಂಟಿಸಿ, ಹೆಲ್ಪರಿಗೂ ತೋರಿಸಿ.

ಮೊದಲ ಕೆಲವು ವಾರ ಮಕ್ಕಳಿಂದ ಕನ್ನಡ ಹೊರಡಿಸಲು ಹೋಗಬೇಡಿ. ನೀವು ಕನ್ನಡದಲ್ಲಿ ಮಾತಾಡಿ, ಮಗು ತನ್ನ ಮಾತಿನಲ್ಲಿ ಉತ್ತರಿಸಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಎಳೆಯ ವಯಸ್ಸಿನಲ್ಲಿ ಮನೆಮಾತಿಗೆ ಒತ್ತು ಕೊಡುತ್ತದೆ. ತುಳು ಮಾತಾಡಿದ ಮಗುವನ್ನು ತಿದ್ದುವುದರಲ್ಲಿ ಹೋಗುವ ಶಕ್ತಿ ನಿಮಗೂ ಉಳಿಯುತ್ತದೆ.

ಇನ್ನು ಕಾಗದಪತ್ರ. ಮಲಯಾಳದಲ್ಲಿ ತುಂಬಬೇಕಾದ ಪ್ರತಿಯೊಂದು ಫಾರಂನ ಒಂದು ಮಾದರಿ ಪ್ರತಿಯನ್ನು, ಮೇಲೆ ಕನ್ನಡದಲ್ಲಿ ಅರ್ಥ ಬರೆದು, ಫೈಲಿನಲ್ಲಿ ಇಟ್ಟುಕೊಳ್ಳಿ. ಒಬ್ಬರು ಒಮ್ಮೆ ಮಾಡಿದ್ದನ್ನು ಆ ಸೆಕ್ಟರಿನ (ಒಬ್ಬ ಸೂಪರ್‌ವೈಸರ ಕೆಳಗಿನ ಅಂಗನವಾಡಿಗಳ ಗುಂಪಿನ) ಎಲ್ಲರೂ ಜೆರಾಕ್ಸ್ ಮಾಡಿಕೊಳ್ಳಬಹುದು. ಹತ್ತಿರದಲ್ಲಿ ಮಲಯಾಳ ಚೆನ್ನಾಗಿ ಬಲ್ಲ ಟೀಚರ್ ಇದ್ದರೆ ಕೊಡುಕೊಳ್ಳುವ ಲೆಕ್ಕ ಮಾಡಿಕೊಳ್ಳಿ: ಅವರು ನಿಮ್ಮ ವರದಿ ನೋಡಿಕೊಡಲಿ, ನೀವು ಅವರ ಕೇಂದ್ರದ ಕನ್ನಡ, ತುಳು ಮನೆಗಳ ತಾಯಂದಿರ ಸಭೆಗೆ ಹೋಗಿ ಮಾತಾಡಿ.

ಒಂದು ಹಕ್ಕಿನ ವಿಷಯ ಅನೇಕರಿಗೆ ಗೊತ್ತಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸರಕಾರಕ್ಕೂ, ತಮ್ಮ ಪ್ರದೇಶದ ಸ್ಥಳೀಯ ಕಚೇರಿಗಳಿಗೂ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಸುತ್ತೋಲೆ, ತರಬೇತಿ ಕೈಪಿಡಿ ಅರ್ಥವಾಗುತ್ತಿಲ್ಲವೆಂದು ಬಾಯಲ್ಲಿ ಗೊಣಗುವ ಬದಲು ನಾಲ್ಕೈದು ಟೀಚರುಗಳು ಸಹಿ ಹಾಕಿ ಕನ್ನಡದಲ್ಲಿ ಅರ್ಜಿ ಕೊಡಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಎಲ್ಲ ಅರ್ಜಿಗೂ ಫಲ ಸಿಗುತ್ತದೆಂದು ನಾನು ಹೇಳಲಾರೆ. ಆದರೆ ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ.

ಹೆಜ್ಜೆ 4: ಜೂನ್ ತಿಂಗಳನ್ನು ಬೇರೆ ತಿಂಗಳಂತೆ ನಡೆಸಬೇಡಿ

ಹೊಸ ಮಕ್ಕಳ ಅಳು, ಜಡಿಮಳೆ, ಒಣಗದ ಬಟ್ಟೆ, ಕರೆಂಟಿಲ್ಲದ ಕತ್ತಲೆ ಕೋಣೆ, ಜಿಲ್ಲಾಧಿಕಾರಿ ಘೋಷಿಸಿ ರಾತ್ರಿ ತಡವಾಗಿ ಗೊತ್ತಾಗುವ ಮಳೆ ರಜೆ. ಇಡೀ ವರ್ಷದಲ್ಲಿ ಟೀಚರ ಮೈಮನಸ್ಸು ಬಹಳ ಸೋಲುವುದು ಈ ವಾರಗಳಲ್ಲಿ. ಈ ಸಮಯಕ್ಕೆ ಪಾಠದ ಯೋಜನೆ ಬೇಡ, ಮಗು ಹೊಂದಿಕೊಳ್ಳುವುದೇ ಪಾಠ.

ಸಾಧ್ಯವಿದ್ದರೆ ಹೊಸ ಮಕ್ಕಳನ್ನು ಒಂದೇ ದಿನ ಬರಲು ಹೇಳದೆ ಎರಡು ಮೂರು ಗುಂಪಾಗಿ, ಮೊದಲ ವಾರ ಅರ್ಧ ದಿನಕ್ಕೆ ಮಾತ್ರ ಕರೆಯಿರಿ. ಅಮ್ಮ ಹೊರಡುವಾಗ ಕದ್ದು ಹೋಗುವುದು ಬೇಡ, 'ಊಟ ಆದ ಮೇಲೆ ಬರುತ್ತೇನೆ' ಎಂದು ಹೇಳಿಯೇ ಹೋಗಲಿ. ಕದ್ದು ಹೋದ ಅಮ್ಮನ ಮಗು ಮರುದಿನ ಬಾಗಿಲಿನಿಂದಲೇ ಅಳಲು ಶುರುಮಾಡುತ್ತದೆ, ಆ ಅಳುವನ್ನು ತಡೆದುಕೊಳ್ಳಬೇಕಾದವರು ನೀವು. ಮನೆಯಿಂದ ಒಂದು ವಸ್ತು, ಅಮ್ಮನ ಶಾಲಿನ ತುಂಡೋ ಹಳೆಯ ಆಟಿಕೆಯೋ, ಜೊತೆಗಿರಲಿ. ಹಳೆಯ ಮಕ್ಕಳಲ್ಲಿ ಅದೇ ಮನೆಮಾತಿನ ಒಬ್ಬಳನ್ನು ಜೊತೆ ಮಾಡಿ. ಎಲ್ಲ ಮಕ್ಕಳೂ ಒಟ್ಟಿಗೆ ಅತ್ತಾಗ ಸ್ವರ ಏರಿಸಬೇಡಿ. ಮರಳು, ನೀರು, ಕಲಸಿದ ಹಿಟ್ಟು ಇವುಗಳಲ್ಲಿ ಒಂದನ್ನು ನೆಲಕ್ಕಿಳಿಸಿ, ನೀವೇ ಕೂತು ಆಡಲು ತೊಡಗಿ. ಕೈಗೆ ಕೆಲಸ ಸಿಕ್ಕಿದ ಮಗು ಬೇಗ ಸುಮ್ಮನಾಗುತ್ತದೆ.

ಹೆಜ್ಜೆ 5: ಸ್ವರ, ಬೆನ್ನು, ನೀರು

ದಿನವಿಡೀ ಗಟ್ಟಿಯಾಗಿ ಮಾತಾಡುವ ಟೀಚರಿಗೆ ಸ್ವರ ಒಡೆಯುವುದು ಸಾಮಾನ್ಯ. ಮಳೆ ತಗಡಿನ ಮೇಲೆ ಬೀಳುವಾಗ ಅದರೊಡನೆ ಪೈಪೋಟಿಗೆ ಇಳಿಯಬೇಡಿ, ಆ ಹೊತ್ತನ್ನು ಚಿತ್ರಕ್ಕೆ, ಬ್ಲಾಕ್ ಜೋಡಿಸಲು ಬಿಡಿ. ಮಕ್ಕಳನ್ನು ಸೇರಿಸಲು ಗಂಟೆಯ ಸದ್ದೋ ಚಪ್ಪಾಳೆಯ ತಾಳವೋ ಗೊತ್ತುಮಾಡಿ. ಸ್ವರ ಗೊಗ್ಗರಾಗಿ ಮೂರು ವಾರ ಮೀರಿದರೆ ಕಿವಿ-ಮೂಗು-ಗಂಟಲು ಡಾಕ್ಟರಲ್ಲಿ ತೋರಿಸಿ, ಬಿಸಿನೀರು ಶುಂಠಿ ಎಂದು ಮುಂದೂಡಬೇಡಿ.

ಕೇಂದ್ರದಲ್ಲಿ ಶೌಚಾಲಯ ಸರಿಯಿಲ್ಲ, ಮಕ್ಕಳನ್ನು ಬಿಟ್ಟು ಹೋಗಲಾಗದು ಎಂದು ನೀರನ್ನೇ ಕುಡಿಯದ ಟೀಚರುಗಳು ಬಹಳ. ಮೂತ್ರದ ಸೋಂಕು, ತಲೆನೋವು ಅಲ್ಲಿಂದಲೇ ಬರುತ್ತವೆ. ಹೆಲ್ಪರ ಜೊತೆ ಮಾತಾಡಿ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹತ್ತು ನಿಮಿಷ ನಿಮಗೆ, ಹತ್ತು ನಿಮಿಷ ಅವರಿಗೆ ಎಂದು ನಿಗದಿ ಮಾಡಿ. ಮಗುವನ್ನು ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ ಕೂತು ಎತ್ತಿ. ಮಕ್ಕಳ ಪುಟ್ಟ ಕುರ್ಚಿಯಲ್ಲಿ ದಿನವಿಡೀ ಕೂರಬೇಡಿ, ಒಂದು ಸರಿಯಾದ ಕುರ್ಚಿ ಕೇಳಿ ತರಿಸಿಕೊಳ್ಳಿ.

ಹೆಜ್ಜೆ 6: ಫೋನಿಗೂ ರಿಜಿಸ್ಟರಿಗೂ ಒಂದು ಹೊತ್ತು ಕೊಡಿ

1975ರ ಅಕ್ಟೋಬರ್ 2ರಂದು ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಆರಂಭವಾದಾಗಿನಿಂದ ಅಂಗನವಾಡಿಯ ಕೆಲಸ ಕೂಡುತ್ತಲೇ ಬಂದಿದೆ, ಯಾವುದೂ ಕಳೆದದ್ದಿಲ್ಲ. ಮಕ್ಕಳ ಪೋಷಣೆಯ ಲೆಕ್ಕ ಇಡುವ ಪೋಷಣ್ ಟ್ರ್ಯಾಕರ್ ಆ್ಯಪ್ 2021ರಲ್ಲಿ ಬಂತು. ಮನೆಗೆ ಒಯ್ಯುವ ಆಹಾರಕ್ಕೆ 2025ರ ಜುಲೈಯಿಂದ ಮುಖ ಗುರುತಿಸುವ ಕ್ರಮ ಕಡ್ಡಾಯವಾಯಿತು. ಎಳೆಯ ಮಕ್ಕಳಿಗೆ ಕೊಡುವ 'ಅಮೃತಂ' ಪುಡಿಯನ್ನು ರೂಪಿಸಿದ್ದು ನಮ್ಮದೇ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಎಂಬ ಹೆಮ್ಮೆ ನಮಗಿದೆ. ಆದರೆ ಅದರ ಪೊಟ್ಟಣ ಕೈಗೆ ಕೊಡುವ ಮುಂಚೆ ನೆಟ್‌ವರ್ಕ್ ಇಲ್ಲದ ಗುಡ್ಡದಲ್ಲಿ ತಾಯಿಯ ಮುಖ ಹಿಡಿದು ಕಾಯುವವರು ಟೀಚರು. ಇದರ ಮೇಲೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸ ಮಾಡುವವರಿಗೆ 2025ರ ನವೆಂಬರಿನಿಂದ ಮತದಾರರ ಪಟ್ಟಿಯ ತೀವ್ರ ಪರಿಷ್ಕರಣೆಯೂ ಸೇರಿತು.

ಮಕ್ಕಳು ಇರುವ ಹೊತ್ತಿನಲ್ಲಿ ಆ್ಯಪ್ ತೆರೆಯುವುದನ್ನು ಹಾಜರಿಗೆ, ಆಹಾರಕ್ಕೆ ಮಾತ್ರ ಮಿತಿ ಮಾಡಿ. ತೂಕ, ಎತ್ತರವನ್ನು ಮೊದಲು ಕಾಗದದಲ್ಲಿ ಬರೆದು, ಮಕ್ಕಳು ಮಲಗಿದ ಮೇಲೆ ಏರಿಸಿ. ಆ್ಯಪ್ ಕೈಕೊಟ್ಟರೆ ಸ್ಕ್ರೀನ್‌ಶಾಟ್ ತೆಗೆದು, ದಿನಾಂಕ ಸಮೇತ ಅದೇ ದಿನ ಸೂಪರ್‌ವೈಸರಿಗೆ ಕಳಿಸಿ. 'ಯಾಕೆ ಆಗಲಿಲ್ಲ' ಎಂಬ ಪ್ರಶ್ನೆ ತಿಂಗಳ ಕೊನೆಗೆ ಬಂದಾಗ ಉತ್ತರ ಸಿದ್ಧವಿರುತ್ತದೆ. ಬೇರೆ ಇಲಾಖೆಯ ಕೆಲಸ ಬಂದರೆ ಆದೇಶ ಲಿಖಿತವಾಗಿರಲಿ, ಆ ದಿನ ಮಕ್ಕಳನ್ನು ಯಾರು ನೋಡಿಕೊಳ್ಳುವುದೆಂದು ನೀವೂ ಲಿಖಿತವಾಗಿಯೇ ಕೇಳಿ.

ಹೆಜ್ಜೆ 7: ತಂದೆತಾಯಿಯ ಜೊತೆ ಮಾತು

'ಎಬಿಸಿಡಿ ಬರೆಸುವುದು ಯಾವಾಗ?' ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಪೇಟೆಯ ಇಂಗ್ಲಿಷ್ ಮೀಡಿಯಂನ ಬಸ್ಸು ಮನೆಬಾಗಿಲಿಗೆ ಬರುವ ಕಾಲದಲ್ಲಿ ಆ ಪ್ರಶ್ನೆಯ ಹಿಂದೆ ಮಗು ಹಿಂದೆ ಬೀಳುತ್ತದೆಂಬ ಭಯವಿದೆ, ಅದನ್ನು ಅಸಡ್ಡೆ ಮಾಡಬೇಡಿ. 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಈ ವಯಸ್ಸಿಗೆ ಆಟವನ್ನೇ ಕಲಿಕೆಯ ದಾರಿ ಎಂದಿದೆ ಎಂದು ಹೇಳಿ. ಹೇಳಿದರೆ ಮುಗಿಯಲಿಲ್ಲ, ಮಗು ಮಾಡಿದ್ದನ್ನು ತೋರಿಸಬೇಕು: ಮಣಿ ಪೋಣಿಸಿದ್ದು, ಗೆರೆ ಎಳೆದದ್ದು, ಕತೆ ಹೇಳಿದ್ದು. ಪ್ರತಿ ಮಗುವಿಗೆ ಒಂದು ಫೈಲು ಇಟ್ಟರೆ ವಾದ ತಾನಾಗಿ ಕಡಿಮೆಯಾಗುತ್ತದೆ.

ವಾಟ್ಸಾಪ್ ಗುಂಪಿಗೆ ಮೊದಲ ಸಭೆಯಲ್ಲೇ ನಿಯಮ ಹೇಳಿ. ಸಂಜೆ ಆರರ ನಂತರ ಮಗುವಿನ ಆರೋಗ್ಯದ ತುರ್ತು ಬಿಟ್ಟು ಬೇರೆ ಉತ್ತರ ಇಲ್ಲ, ದೂರು ಗುಂಪಿನಲ್ಲಿ ಅಲ್ಲ, ಎದುರು ಬಂದು. ಹೇಳಿದ ಮೇಲೆ ನೀವೂ ಅದನ್ನು ಪಾಲಿಸಬೇಕು. ರಾತ್ರಿ ಹತ್ತಕ್ಕೆ ಒಮ್ಮೆ ಉತ್ತರಿಸಿದರೆ ಅದೇ ವಾಡಿಕೆಯಾಗುತ್ತದೆ.

ಕನ್ನಡ ಶಾಲೆಯ ಪ್ರಿ-ಪ್ರೈಮರಿ ಟೀಚರ ಮೇಲೆ ಇನ್ನೊಂದು ಭಾರ ಇದೆ. ಕೇರಳದಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನದ ಮಕ್ಕಳ ಲೆಕ್ಕದ ಮೇಲೆ ಟೀಚರ ಹುದ್ದೆಗಳು ನಿರ್ಧಾರವಾಗುತ್ತವೆ. ಒಂದನೇ ಕ್ಲಾಸಿಗೆ ಮಕ್ಕಳು ಸಿಗಬೇಕಾದರೆ ಯುಕೆಜಿ ತುಂಬಿರಬೇಕು, ಅದಕ್ಕಾಗಿ ಏಪ್ರಿಲ್, ಮೇ ಬಿಸಿಲಿನಲ್ಲಿ ಮನೆಮನೆ ಹತ್ತಿಳಿಯುವವರು ಶಾಲೆಯಲ್ಲಿ ಎಲ್ಲರಿಗಿಂತ ಕಡಿಮೆ ಪಡೆಯುವ ಈ ಟೀಚರುಗಳೇ. ಕನ್ನಡ ಶಾಲೆ ಉಳಿಯಬೇಕೆಂದು ಆಸೆಪಡುವ ನಮ್ಮೆಲ್ಲರ ಹೊಣೆಯನ್ನು ಅವರೊಬ್ಬರ ಹೆಗಲಿಗೆ ಹಾಕುವುದು ಅನ್ಯಾಯ. ಮನೆಭೇಟಿಗೆ ಒಬ್ಬರೇ ಹೋಗಬೇಡಿ. ಮುಖ್ಯೋಪಾಧ್ಯಾಯರು, ಪಿಟಿಎ ಸದಸ್ಯರು, ಹಳೆ ವಿದ್ಯಾರ್ಥಿಗಳು ಸರದಿಯಲ್ಲಿ ಜೊತೆ ಬರಲಿ ಎಂದು ಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕದಂತಹ, ಗೇರುತೋಟಕ್ಕೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಕೇಡು ಕಂಡ ಪಂಚಾಯತುಗಳಲ್ಲಿ ಮಗುವಿನ ಬೆಳವಣಿಗೆ ನಿಧಾನ ಎಂದು ತಾಯಿಗೆ ಹೇಳುವುದು ಬಹಳ ನೋವಿನ ಕೆಲಸ. ರೋಗದ ಹೆಸರು ಹೇಳುವುದು ನಿಮ್ಮ ಕೆಲಸವಲ್ಲ. 'ಮಗು ಕರೆದರೆ ತಿರುಗುವುದಿಲ್ಲ, ಒಮ್ಮೆ ತೋರಿಸೋಣ' ಎಂದು ಕಂಡದ್ದನ್ನು ಮಾತ್ರ ಹೇಳಿ, ಆರೋಗ್ಯ ಕೇಂದ್ರದ ಮೂಲಕ ಜಿಲ್ಲಾ ಅರ್ಲಿ ಇಂಟರ್ವೆನ್ಷನ್ ಸೆಂಟರಿಗೆ (ಡಿಇಐಸಿ) ಕಳಿಸಿ. ಆ ಮಾತಾಡಿದ ದಿನ ನೀವೂ ಯಾರಲ್ಲಾದರೂ ಮನಸ್ಸು ಹಗುರ ಮಾಡಿಕೊಳ್ಳಿ.

ಹೆಜ್ಜೆ 8: ಹಣದ ಕಾಗದಗಳು

ಆರ್ಥಿಕ ಅಭದ್ರತೆ ಧ್ಯಾನ ಮಾಡಿದರೆ ಹೋಗುವುದಿಲ್ಲ. ಅಂಗನವಾಡಿ ಗೌರವಧನದಲ್ಲಿ ಕೇಂದ್ರ ನಿಗದಿ ಮಾಡಿದ ಮೊತ್ತ 2018ರ ಅಕ್ಟೋಬರಿನಿಂದ ಟೀಚರಿಗೆ 4,500 ರೂಪಾಯಿ, ಹೆಲ್ಪರಿಗೆ 2,250. ಅದರ ಮೇಲಿನದ್ದು ರಾಜ್ಯದ್ದು. 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಅಂಗನವಾಡಿ ಟೀಚರು, ಹೆಲ್ಪರುಗಳಿಗೆ ಆಗಿದ್ದ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಕಾಯ್ದೆ ಅನ್ವಯಿಸುತ್ತದೆಂದು ತೀರ್ಪು ಕೊಟ್ಟಿತು. ನಿವೃತ್ತಿ ಹತ್ತಿರವಿರುವವರು ನೇಮಕಾತಿ ಆದೇಶ, ಸೇವಾ ದಾಖಲೆ, ಕ್ಷೇಮನಿಧಿಯ ಪಾಸ್‌ಬುಕ್ಕು ಈಗಲೇ ಜೋಡಿಸಿಡಿ.

ಖಾಸಗಿ ಶಾಲೆಯವರು ಕೇಳಬೇಕಾದದ್ದು: ಒಟ್ಟು 20 ಅಥವಾ ಹೆಚ್ಚು ಸಿಬ್ಬಂದಿ ಇದ್ದರೆ ಪಿಎಫ್, ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ, ಐದು ವರ್ಷ ದಾಟಿದರೆ ಗ್ರಾಚ್ಯುಟಿ. ಸಂಬಳ ಕೈಯಲ್ಲಿ ಬೇಡ, ಬ್ಯಾಂಕಿನ ಮೂಲಕ ಬರಲಿ. ಬೇಸಿಗೆ ರಜೆಯ ಸಂಬಳ ಇದೆಯೇ ಎಂದು ಸೇರುವಾಗಲೇ ಬರೆಸಿಕೊಳ್ಳಿ.

ಹೆಜ್ಜೆ 9: ಇಷ್ಟಾದರೂ ಹಗುರವಾಗದಿದ್ದರೆ

ಎರಡು ವಾರ ಮೀರಿ ನಿದ್ದೆ ಬಾರದೆ ಇದ್ದರೆ, ಕಾರಣವಿಲ್ಲದೆ ಅಳು ಬಂದರೆ, ಮಗುವಿನ ಮೇಲೆ ಕೈ ಎತ್ತುವ ಹಂತಕ್ಕೆ ಬಂದರೆ, ಬದುಕು ಬೇಡ ಅನಿಸಿದರೆ ಇನ್ನು ಕಾಯಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಉಚಿತ, ಹಗಲು ರಾತ್ರಿ ಇದೆ, ಕನ್ನಡದಲ್ಲೂ ಮಾತಾಡಬಹುದು. ಕೈ ಎತ್ತಬೇಕೆನಿಸಿದ ಕ್ಷಣಕ್ಕೆ ಮಾತ್ರ ಒಂದು ಉಪಾಯ ಹೆಲ್ಪರ ಜೊತೆ ಮೊದಲೇ ಮಾತಾಡಿಟ್ಟಿರಿ: 'ಸ್ವಲ್ಪ ನೋಡಿಕೊಳ್ಳಿ ಅಕ್ಕ' ಎಂದರೆ ಪ್ರಶ್ನೆ ಕೇಳದೆ ಅವರು ಮಕ್ಕಳನ್ನು ವಹಿಸಿಕೊಳ್ಳಬೇಕು, ನೀವು ಐದು ನಿಮಿಷ ಹೊರಗೆ ನಿಲ್ಲಬೇಕು.

ಮುಖ್ಯೋಪಾಧ್ಯಾಯರು, ಮ್ಯಾನೇಜರು, ಪಿಟಿಎಯವರಿಗೆ

ಪ್ರಿ-ಪ್ರೈಮರಿ ಟೀಚರನ್ನು ಸ್ಟಾಫ್ ಮೀಟಿಂಗಿಗೆ ಕರೆಯಿರಿ, ಸ್ಟಾಫ್ ರೂಮಿನಲ್ಲಿ ಅವರಿಗೊಂದು ಕುರ್ಚಿ, ಕಪಾಟು ಇರಲಿ. ಬೇರೆ ಟೀಚರ್ ರಜೆ ಹಾಕಿದ ದಿನ ಅವರ ಕ್ಲಾಸನ್ನು ಪುಟ್ಟ ಮಕ್ಕಳ ಜೊತೆ ಸೇರಿಸಿ ಇವರ ಮೇಲೆ ಬಿಡಬೇಡಿ. ವಾರ್ಷಿಕೋತ್ಸವದ ನೃತ್ಯವನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸುವಂತೆ ಒತ್ತಾಯ ಮಾಡಬೇಡಿ, ಮಕ್ಕಳಿಗೂ ಅದು ಹಿಂಸೆ. ಟೀಚರ್ ಜ್ವರ ಬಂದು ರಜೆ ಕೇಳಿದ ದಿನ ಬದಲಿಗೆ ಬರಬಲ್ಲ ಇಬ್ಬರ ಹೆಸರು, ಫೋನ್ ನಂಬರನ್ನು ಮೇ ತಿಂಗಳಲ್ಲೇ ಗೊತ್ತುಮಾಡಿ ಆಫೀಸಿನ ಬೋರ್ಡಿನಲ್ಲಿ ಬರೆದು ಹಾಕಿ.